ಹಳೇ ಗೋ-ಕಾರ್ಟ್ ಓಡುತ್ತಿಲ್ಲವೇ? ಮಗುವಿನ ಜೊತೆ ಕೂತು ದೋಷ ಹುಡುಕುವ ಬಗೆ

ಹಳೇ ಗೋ-ಕಾರ್ಟ್ ಮನೆಗೆ ಬಂತು ಅಂದರೆ ಮೊದಲು ಎಲ್ಲರ ಕೈ ಹೋಗುವುದು ಸ್ಟಾರ್ಟರ್ ಹಗ್ಗಕ್ಕೆ. ಎಳೆದು ಎಳೆದು ಭುಜ ನೋವು ಬಂದ ಮೇಲೆ ಕಿಡಿ ಹಾರಿಸುವ ಹೊಸ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಹೊಸ ಕಾಯಿಲ್, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಹೊಸ ಕಾರ್ಬೊರೇಟರ್ ಅಂತ ಪಟ್ಟಿ ಶುರುವಾಗುತ್ತದೆ. ಅದೆಲ್ಲ ಹಾಕಿದರೆ ಗಾಡಿ ಓಡಲೂಬಹುದು. ಆದರೆ ಕೆಟ್ಟಿದ್ದು ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ. ಮಗುವಿನ ಜೊತೆ ಮಾಡುವ ಕೆಲಸದಲ್ಲಿ ಅದೇ ದೊಡ್ಡ ನಷ್ಟ. ಹಾಗಾಗಿ ನನ್ನದು ಒಂದೇ ನಿಯಮ. ಏನು ಕೆಟ್ಟಿದೆ ಅಂತ ಮಗು ತನ್ನ ಬಾಯಲ್ಲಿ ಹೇಳುವ ತನಕ ಒಂದೂ ಹೊಸ ಪಾರ್ಟ್ ತರುವಂತಿಲ್ಲ.

ಇಲ್ಲಿ ಹೇಳುತ್ತಿರುವುದು ಸಾಮಾನ್ಯ ಕಾರ್ಟ್ ಬಗ್ಗೆ. ಕಬ್ಬಿಣದ ಪೈಪಿನ ಫ್ರೇಮ್, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಒಂದು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್, ವೇಗ ಏರಿದಾಗ ತಾನಾಗಿ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್, ಚೈನ್, ಹಿಂದೆ ಒಂದು ಆಕ್ಸಲ್, ಇಷ್ಟೇ. 1956ರಲ್ಲಿ ಅಮೆರಿಕದ ಆರ್ಟ್ ಇಂಗಲ್ಸ್ ಮೊದಲ ಕಾರ್ಟ್ ಕಟ್ಟಿದಾಗ ಅದಕ್ಕೆ ಕೂರಿಸಿದ್ದು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್. ಇವತ್ತಿಗೂ ಇಂಥ ಕಾರ್ಟ್‌ಗಳಲ್ಲಿ ಇರುವುದು ಪಂಪು, ಜನರೇಟರುಗಳಿಗೆ ಹಾಕುವಂಥ ಸಣ್ಣ ಎಂಜಿನ್ನೇ. ಮಗುವಿಗೆ ಕಲಿಸಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಅಳತೆ ಹೇಳುವಲ್ಲೆಲ್ಲ ನಾನು 196 ಸಿಸಿಯ ಹೋಂಡಾ ಜಿಎಕ್ಸ್200 ಎಂಜಿನ್ ಅನ್ನು ಲೆಕ್ಕಕ್ಕೆ ಹಿಡಿದಿದ್ದೇನೆ. ನಿಮ್ಮದು ಬೇರೆ ಎಂಜಿನ್ ಆದರೆ ಅದರ ಪುಸ್ತಕದ ಅಳತೆ ನೋಡಿ. ಹುಡುಕುವ ಕ್ರಮ ಬದಲಾಗುವುದಿಲ್ಲ. ಟೂ ಸ್ಟ್ರೋಕ್ ರೇಸಿಂಗ್ ಕಾರ್ಟ್ ಮಾತ್ರ ಬೇರೆಯೇ ವಿಷಯ.

ಕೈ ಹಾಕುವ ಮುಂಚೆ

ಕೆಲಸ ಬಯಲಲ್ಲೇ ಆಗಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಿಂದಿನ ಚಕ್ರಗಳು ನೆಲ ಮುಟ್ಟದಂತೆ ಫ್ರೇಮಿನ ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡಿ. ಉದ್ದ ಕೂದಲಿದ್ದರೆ ಬಿಗಿಯಾಗಿ ಕಟ್ಟಿರಬೇಕು. ಜೋಲಾಡುವ ಬಟ್ಟೆ ಬೇಡ. ತಿರುಗುವ ಚೈನು, ಆಕ್ಸಲ್ ಕೂದಲನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತಿಕೊಳ್ಳುತ್ತವೆ. ಈ ವಿಷಯದಲ್ಲಿ ರಿಯಾಯಿತಿಯೇ ಇಲ್ಲ.

ಪೆಟ್ರೋಲ್ ಸುರಿಯುವುದು, ಹಗ್ಗ ಎಳೆಯುವುದು, ಬಿಸಿ ಸೈಲೆನ್ಸರ್ ಹತ್ತಿರ ಕೈ ಹಾಕುವುದು ದೊಡ್ಡವರ ಕೆಲಸ. ನೋಡುವುದು, ಕೇಳಿಸಿಕೊಳ್ಳುವುದು, ಅಳೆಯುವುದು, ಬಿಚ್ಚಿದ್ದನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುವುದು, ಬರೆದುಕೊಳ್ಳುವುದು ಮಗುವಿನ ಕೆಲಸ. ಇದೇನು ಸಣ್ಣ ಪಾಲಲ್ಲ. ದೋಷ ಹುಡುಕುವುದರಲ್ಲಿ ಮುಕ್ಕಾಲು ಭಾಗ ಇದೇ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಸಿ. ಏನು ಕಂಡಿತು, ಏನು ಮಾಡಿದೆವು, ಆಮೇಲೆ ಏನಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್ ಬದಲಿಸಿ, ಜೊತೆಗೇ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಕ್ಲೀನ್ ಮಾಡಿದರೆ ಎರಡರಲ್ಲಿ ಯಾವುದು ಕೆಲಸ ಮಾಡಿತು ಅಂತ ಹೇಗೆ ಹೇಳುತ್ತೀರಿ?

ಇನ್ನೊಂದು ಮಾತು. ಎಂಜಿನ್ ಮುಟ್ಟುವ ಮೊದಲು ಬ್ರೇಕ್ ನೋಡಿ. ಎಂಜಿನ್ ಒಮ್ಮೆ ಗುರುಗುಟ್ಟಿತು ಅಂದರೆ ಆಮೇಲೆ ಯಾವ ಮಗುವೂ ಸೀಟಿನಿಂದ ಇಳಿಯುವುದಿಲ್ಲ. ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಮಗುವಿಗೆ ಪೆಡಲ್ ಒತ್ತಲು ಹೇಳಿ. ಚಕ್ರ ಗಪ್ಪನೆ ನಿಲ್ಲಬೇಕು. ಬಿಟ್ಟ ತಕ್ಷಣ ಮತ್ತೆ ಸಲೀಸಾಗಿ ತಿರುಗಬೇಕು. ಆಕ್ಸಿಲರೇಟರ್ ಪೆಡಲ್ ಒತ್ತಿ ಬಿಟ್ಟಾಗ ಸ್ಪ್ರಿಂಗಿನ ಎಳೆತಕ್ಕೆ ಟಪ್ಪನೆ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ಕೇಬಲ್ ಒಳಗೆ ತುಕ್ಕಿದೆ. ಅದನ್ನು ಬದಲಿಸಿ. ಪೆಡಲಿಗೆ ಒಂದು, ಕಾರ್ಬೊರೇಟರ್ ಕಡೆಗೆ ಒಂದು, ಹೀಗೆ ಎರಡು ಸ್ಪ್ರಿಂಗ್ ಇದ್ದರೆ ಒಳ್ಳೆಯದು. ಒಂದು ತುಂಡಾದರೂ ಇನ್ನೊಂದು ಎಳೆಯುತ್ತದೆ.

ಹಗ್ಗ ಏನು ಹೇಳುತ್ತದೆ

ಮೊದಲು ಆಯಿಲ್ ನೋಡಿ. ಗಾಡಿ ಸಮತಟ್ಟಾಗಿ ನಿಂತಿರಲಿ. ಆಯಿಲ್ ಕಡಿಮೆ ಇದ್ದರೆ ಗೊತ್ತೇ ಇದೆ. ಜಾಸ್ತಿ ಇದ್ದು ಪೆಟ್ರೋಲ್ ವಾಸನೆ ಬಂದರೆ ಅದೇ ಒಂದು ಸುಳಿವು. ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಮುಚ್ಚಿಕೊಳ್ಳದೆ ಪೆಟ್ರೋಲ್ ಸಿಲಿಂಡರ್ ದಾಟಿ ಕೆಳಗೆ ಇಳಿದಿದೆ. ಅಂಥ ಆಯಿಲಿನಲ್ಲಿ ಎಂಜಿನ್ ಓಡಿಸಿದರೆ ಬೇರಿಂಗ್, ಕನೆಕ್ಟಿಂಗ್ ರಾಡ್ ಸವೆದುಹೋಗುತ್ತವೆ. ಪೂರ್ತಿ ಸುರಿದು 10ಡಬ್ಲ್ಯು-30 ಆಯಿಲ್ ಸುಮಾರು 0.6 ಲೀಟರ್ ಹಾಕಿ. ನೀಡಲ್ ಬಗ್ಗೆ ಮುಂದೆ ಹೇಳುತ್ತೇನೆ.

ಈಗ ಸ್ವಿಚ್ ಆಫ್ ಇಟ್ಟು ಹಗ್ಗ ನಿಧಾನಕ್ಕೆ ಎಳೆಯಿರಿ. ಒಂದು ಕಡೆ ಬಿಗಿಯಾಗಿ, ಆಮೇಲೆ ಸಡಿಲವಾಗಿ ಬಂದರೆ ಸರಿ. ಸ್ವಲ್ಪವೂ ಬಿಗಿ ಇಲ್ಲದೆ ಸುಮ್ನೆ ಬಂದುಬಿಟ್ಟರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಇಲ್ಲ. ಅಲುಗಾಡುವುದೇ ಇಲ್ಲ ಅಂದರೆ ಬಲ ಹಾಕಬೇಡಿ. ಪ್ಲಗ್ ಬಿಚ್ಚಿ ಮತ್ತೆ ಎಳೆಯಿರಿ. ಒಳಗೆ ಪೆಟ್ರೋಲ್ ಅಥವಾ ಆಯಿಲ್ ತುಂಬಿದ್ದರೆ ಪ್ಲಗ್ ತೂತಿನಿಂದ ಚಿಮ್ಮಿ ಬರುತ್ತದೆ. ಮಗು ಆ ಕಡೆ ನಿಂತಿರಬಾರದು. ಆಗಲೂ ತಿರುಗದಿದ್ದರೆ ತುಕ್ಕಿನಿಂದ ಪಿಸ್ಟನ್ ಹಿಡಿದುಕೊಂಡಿದೆ. ಪ್ಲಗ್ ತೂತಿನಲ್ಲಿ ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಾತ್ರಿಯೆಲ್ಲ ಬಿಟ್ಟು ನೋಡಬೇಕು.

ಹಗ್ಗ ಎಳೆದಾಗ ಅದು ಕೈಯಿಂದ ಕಿತ್ತುಕೊಳ್ಳುವಂತೆ ಹಿಂದಕ್ಕೆ ಜಗ್ಗಿದರೆ, ಇಲ್ಲವೇ ಕಾರ್ಬೊರೇಟರ್ ಕಡೆಯಿಂದ ಪಟ್ ಅಂತ ಸದ್ದು ಬಂದರೆ, ಫ್ಲೈವೀಲ್ ಕೀ ಮೇಲೆ ಅನುಮಾನ ಪಡಿ. ಎಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್ ಸರಿಯಾದ ಜಾಗದಲ್ಲಿ ಕೂರಲು ಇರುವ ಸಣ್ಣ ಲೋಹದ ತುಂಡು ಅದು. ಅದು ಅರ್ಧ ಕತ್ತರಿಸಿಹೋದರೆ ಸ್ಪಾರ್ಕ್ ಚೆನ್ನಾಗಿಯೇ ಬರುತ್ತದೆ, ಆದರೆ ತಪ್ಪು ಹೊತ್ತಿಗೆ ಬರುತ್ತದೆ. ಪೆಟ್ರೋಲ್ ಇದೆ, ಸ್ಪಾರ್ಕ್ ಇದೆ, ಕಂಪ್ರೆಷನ್ ಇದೆ, ಆದರೂ ಸ್ಟಾರ್ಟ್ ಆಗಲ್ಲ ಅನ್ನುವ ಗಾಡಿಗಳಲ್ಲಿ ನೋಡಲೇಬೇಕಾದ ಜಾಗ ಇದು.

ದಾರಿ ಕವಲೊಡೆಯುವ ಪರೀಕ್ಷೆ

ಈ ಒಂದು ಪರೀಕ್ಷೆ ಅರ್ಧ ಕೆಲಸ ಉಳಿಸುತ್ತದೆ. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಕೆಲವೇ ಹನಿ ಹೊಸ ಪೆಟ್ರೋಲ್ ಬಿಡಿ. ಡಬ್ಬಿಯನ್ನು ದೂರ ಇಟ್ಟು, ಪ್ಲಗ್ ಹಾಕಿ, ಸ್ವಿಚ್ ಆನ್ ಮಾಡಿ ಹಗ್ಗ ಎಳೆಯಿರಿ. ಎರಡು ಮೂರು ಸೆಕೆಂಡ್ ಓಡಿ ಆಫ್ ಆದರೆ ಸ್ಪಾರ್ಕೂ ಇದೆ, ಕಂಪ್ರೆಷನ್ನೂ ಇದೆ. ಪೆಟ್ರೋಲ್ ತನ್ನ ದಾರಿಯಲ್ಲಿ ಬರುತ್ತಿಲ್ಲ. ಒಮ್ಮೆಯೂ ಕೆಮ್ಮಲಿಲ್ಲ ಅಂದರೆ ಸದ್ಯಕ್ಕೆ ಕಾರ್ಬೊರೇಟರ್ ಮುಟ್ಟಬೇಡಿ, ಸ್ಪಾರ್ಕ್ ಕಡೆ ಹೋಗಿ. ಎಳೆಯುವ ಮುಂಚೆ ಮಗುವಿಗೆ ಕೇಳಿ: "ಈಗ ಏನಾಗುತ್ತೆ ಅಂತ ನಿನಗೆ ಅನಿಸುತ್ತೆ? ಹಾಗಾದರೆ ಅರ್ಥ ಏನು?" ಉತ್ತರ ಮೊದಲೇ ಬರೆಸಿ. ಊಹೆ ತಪ್ಪಾದಾಗ ಮಕ್ಕಳು ಜಾಸ್ತಿ ಕಲಿಯುತ್ತಾರೆ.

ಸ್ಪಾರ್ಕ್ ಇಲ್ಲದಿದ್ದರೆ

ಪ್ಲಗ್ಗಿನ ತುದಿಯನ್ನು ಮಗು ನೋಡಲಿ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ತುದಿಯ ಗ್ಯಾಪ್ 0.7ರಿಂದ 0.8 ಮಿ.ಮೀ. ಇರಬೇಕು. ಗ್ಯಾಪ್ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಕೊಟ್ಟರೆ ಮಕ್ಕಳು ಇದನ್ನು ನಮಗಿಂತ ಅಚ್ಚುಕಟ್ಟಾಗಿ ಅಳೆಯುತ್ತಾರೆ.

ಬಿಚ್ಚಿದ ಪ್ಲಗ್ಗನ್ನು ಎಂಜಿನ್‌ಗೆ ತಾಗಿಸಿ ಕಿಡಿ ನೋಡುವುದು ಹಳೇ ಪದ್ಧತಿ. ಪಕ್ಕದಲ್ಲೇ ತೆರೆದ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ ಅಲ್ವಾ? ಅದಕ್ಕೇ ನನಗೆ ಅದು ಇಷ್ಟವಿಲ್ಲ. ಕ್ಲಿಪ್ ಇರುವ ಸ್ಪಾರ್ಕ್ ಟೆಸ್ಟರ್ ದೊಡ್ಡ ಖರ್ಚಿನದಲ್ಲ, ಅದನ್ನೇ ಬಳಸಿ. ಕಿಡಿ ನೀಲಿಯಾಗಿ, ಗಟ್ಟಿಯಾಗಿ ಹಾರಬೇಕು.

ಕಿಡಿ ಇಲ್ಲದಿದ್ದರೆ ಕಾಯಿಲ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಈ ಎಂಜಿನ್ ಆಫ್ ಆಗುವುದೇ ಕಾಯಿಲಿನ ಸಣ್ಣ ವೈರ್ ಫ್ರೇಮಿಗೆ ತಾಗಿ ಅರ್ತ್ ಆದಾಗ. ಅಂದರೆ ಆ ವೈರ್ ಎಲ್ಲಿ ಸುಲಿದು ಫ್ರೇಮಿಗೆ ತಾಗಿದ್ದರೂ ಗಾಡಿ ಸ್ವಿಚ್ ಆಫ್ ಮಾಡಿದ ಹಾಗೇ ಇರುತ್ತದೆ. ಕಾಯಿಲಿನಿಂದ ಆ ವೈರ್ ಕಳಚಿ ಮತ್ತೆ ಟೆಸ್ಟ್ ಮಾಡಿ. ಕಿಡಿ ಬಂದರೆ ಕಾಯಿಲ್ ಚೆನ್ನಾಗಿದೆ. ದೋಷ ಸ್ವಿಚ್ಚಿನಲ್ಲಿ, ವೈರಿನಲ್ಲಿ ಅಥವಾ ಆಯಿಲ್ ಸೆನ್ಸರಿನಲ್ಲಿದೆ. ಈ ಎಂಜಿನ್‌ಗಳಲ್ಲಿ ಹಲವಕ್ಕೆ ಆಯಿಲ್ ಕಡಿಮೆಯಾದರೆ ಸ್ಪಾರ್ಕ್ ಕತ್ತರಿಸುವ ಸೆನ್ಸರ್ ಇರುತ್ತದೆ. ವೈರ್ ಕಳಚಿದ ಸ್ಥಿತಿಯಲ್ಲಿ ಎಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ ಕೆಲಸ ಮಾಡುವುದಿಲ್ಲ. ಟೆಸ್ಟ್ ಮುಗಿದ ಕೂಡಲೇ ವಾಪಸ್ ಜೋಡಿಸಿ, ಆಮೇಲೆ ಮಾತ್ರ ಎಂಜಿನ್ ಸ್ಟಾರ್ಟ್ ಮಾಡಿ.

ವೈರ್ ಕಳಚಿದರೂ ಕಿಡಿ ಇಲ್ಲದಿದ್ದರೆ ಫ್ಲೈವೀಲ್ ಮ್ಯಾಗ್ನೆಟ್ಟಿನ ಮೇಲಿನ ತುಕ್ಕನ್ನು ಉಜ್ಜಿ ತೆಗೆದು, ಕಾಯಿಲಿಗೂ ಅದಕ್ಕೂ ನಡುವೆ 0.4 ಮಿ.ಮೀ. ಗ್ಯಾಪ್ ಇಟ್ಟು ನೋಡಿ. ಅದೂ ಆದ ಮೇಲೆ ಹೊಸ ಕಾಯಿಲ್ ತನ್ನಿ.

ಮಗಳು ಹಿಡಿದ ದೋಷ

ಈ ವೈರಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಾರ್ಟ್ ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು, ಸ್ವಲ್ಪ ದೂರ ಓಡಿ ಇದ್ದಕ್ಕಿದ್ದಂತೆ ಆಫ್ ಆಗುತ್ತಿತ್ತು. ಆಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಇಂಥ ಬಂದು ಹೋಗುವ ದೋಷವೇ ಎಲ್ಲಕ್ಕಿಂತ ಕಷ್ಟದ್ದು. ನನ್ನ ಮಗಳು ನೋಟ್‌ಬುಕ್ ತೆಗೆದು, "ಅಪ್ಪ, ಎಲ್ಲಾ ಸಲವೂ ಬಲಕ್ಕೆ ತಿರುಗಿದಾಗಲೇ ಆಫ್ ಆಗಿದೆ, ನೋಡು" ಅಂದಳು. ಸಾಲು ಸಾಲಾಗಿ ಹಾಗೇ ಬರೆದಿದ್ದಳು.

ತಿರುಗುವಾಗ ಮಾತ್ರ ಆಫ್ ಆಗುವುದಕ್ಕೆ ಮೂರು ಕಾರಣ ಇರಬಹುದು. ಒಂದು, ಆಯಿಲ್ ಒಂದು ಕಡೆಗೆ ಸರಿದು ಸೆನ್ಸರ್ ಸ್ಪಾರ್ಕ್ ಕತ್ತರಿಸುವುದು. ಎರಡು, ಕಾರ್ಬೊರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ಸರಿದು ಜೆಟ್ಟಿಗೆ ಸಿಗದೆ ಹೋಗುವುದು. ಮೂರು, ಸ್ಟೀರಿಂಗ್ ತಿರುಗಿದಾಗ ಯಾವುದೋ ವೈರ್ ಎಳೆದು ತಾಗುವುದು. ಮೊದಲ ಎರಡಕ್ಕೆ ಗಾಡಿ ವೇಗವಾಗಿ ತಿರುಗಲೇಬೇಕು. ಮೂರನೆಯದಕ್ಕೆ ಬೇಡ. ಹಾಗಾಗಿ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಕೊಡದೆ ನಿಧಾನಕ್ಕೆ ಓಡಲು, ಬಿಟ್ಟು, ಸ್ಟೀರಿಂಗ್ ಬಲಕ್ಕೆ ತಿರುಗಿಸಿದೆವು. ತಕ್ಷಣ ಆಫ್ ಆಯಿತು. ಕಿಲ್ ಸ್ವಿಚ್ಚಿನ ವೈರ್ ಸ್ಟೀರಿಂಗ್ ಕಂಬಕ್ಕೆ ಉಜ್ಜಿ ಉಜ್ಜಿ ಸುಲಿದಿತ್ತು. ಒಂದು ಗೇಣು ವೈರ್ ಬದಲಿಸಿ, ಬೇರೆ ದಾರಿಯಲ್ಲಿ ಕಟ್ಟಿದ್ದಕ್ಕೆ ಸರಿಹೋಯಿತು.

ನಿಮ್ಮ ಗಾಡಿ ನಿಂತಲ್ಲಿ ಆಫ್ ಆಗದೆ ಓಡುವಾಗ ತಿರುವಿನಲ್ಲಿ ಮಾತ್ರ ಆಫ್ ಆದರೆ ಮೊದಲು ಆಯಿಲ್ ಮಟ್ಟ ನೋಡಿ. ಮಟ್ಟ ಸರಿಯಿದ್ದೂ ಸೆನ್ಸರ್ ಕತ್ತರಿಸುತ್ತಿದ್ದರೆ ಕಾರ್ಟ್ ಓಡಿಸುವವರು ಅದರ ವೈರ್ ಕಳಚುವುದುಂಟು. ಕಳಚಿದ ಮೇಲೆ ಪ್ರತಿ ಸಲ ಓಡಿಸುವ ಮುಂಚೆ ಆಯಿಲ್ ನೋಡುವ ಜವಾಬ್ದಾರಿಯನ್ನು ಮಗುವಿಗೆ ಒಪ್ಪಿಸಿ.

ಪೆಟ್ರೋಲ್ ದಾರಿ

ನಿಂತಲ್ಲೇ ನಿಂತ ಗಾಡಿಯಲ್ಲಿ ಜಾಸ್ತಿ ಕೆಡುವುದು ಇದೇ. ಪೆಟ್ರೋಲ್ ಆರಿದಂತೆ ಗೋಂದಿನ ಹಾಗೆ ಅಂಟಾಗುತ್ತದೆ, ಜೆಟ್ಟಿನ ಕೂದಲೆಳೆಯಂಥ ತೂತು ಮುಚ್ಚಿಹೋಗುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಆದರೆ ಗಾಳಿಯಲ್ಲಿನ ನೀರನ್ನೂ ಎಳೆದುಕೊಳ್ಳುತ್ತದೆ. ಹಳೇ ಪೆಟ್ರೋಲ್ ಎಷ್ಟೇ ಚೆನ್ನಾಗಿ ಕಂಡರೂ ಪೂರ್ತಿ ತೆಗೆಯಿರಿ.

ಗಾಡಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರಿಂದಲೇ ಯಾವ ತೂತು ಕಟ್ಟಿದೆ ಅಂತ ತಿಳಿಯುತ್ತದೆ. ಐಡ್ಲಿಂಗ್ ಸರಿಯಿದ್ದು ಆಕ್ಸಿಲರೇಟರ್ ಕೊಟ್ಟ ಕೂಡಲೇ ಆಫ್ ಆದರೆ ಮೇನ್ ಜೆಟ್. ಆಕ್ಸಿಲರೇಟರ್ ಕೊಟ್ಟರೆ ಓಡಿ, ಬಿಟ್ಟರೆ ಆಫ್ ಆದರೆ ಪೈಲಟ್ ಜೆಟ್. ಒಳಗೆ ಹೋಗುವ ಗಾಳಿ ಕಡಿಮೆ ಮಾಡುವ ಚೋಕ್ ಹಾಕಿದರೆ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲ್ ಕಡಿಮೆ ಬರುತ್ತಿದೆ, ಇಲ್ಲವೇ ಎಲ್ಲೋ ಗಾಳಿ ಒಳಗೆ ಸೇರುತ್ತಿದೆ. ಎಂಜಿನ್ ಸದ್ದು ತಾನಾಗಿ ಏರಿ ಇಳಿಯುತ್ತಿದ್ದರೂ ಕಾರಣ ಸಾಮಾನ್ಯವಾಗಿ ಇದೇ. ಕಾರ್ಬೊರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ನೀಡಲ್. ಆಯಿಲಿಗೆ ಪೆಟ್ರೋಲ್ ಸೇರಿಸುವುದೂ ಇದೇ ನೀಡಲ್. ಅದರ ತುದಿಯಲ್ಲಿ ಕಸ ಕೂತಿರಬಹುದು, ಸವೆದು ಗೆರೆ ಬಿದ್ದಿರಬಹುದು, ಅಥವಾ ಫ್ಲೋಟಿನ ಒಳಗೆ ಪೆಟ್ರೋಲ್ ಸೇರಿ ಮುಳುಗುತ್ತಿರಬಹುದು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಲು ಮಗುವಿಗೆ ಹೇಳಿ.

ಹತ್ತು ನಿಮಿಷ ಚೆನ್ನಾಗಿ ಓಡಿ, ಆಫ್ ಆಗಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವ ಗಾಡಿಯಲ್ಲಿ ಮೊದಲು ಟ್ಯಾಂಕ್ ಮುಚ್ಚಳ ನೋಡಿ. ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ ಪೆಟ್ರೋಲ್ ಇಳಿದಂತೆ ಒಳಗೆ ನಿರ್ವಾತವಾಗಿ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಆಫ್ ಆದ ತಕ್ಷಣ ಮುಚ್ಚಳ ಸಡಿಲಿಸಿ. ಸುಯ್ ಅಂತ ಗಾಳಿ ಎಳೆದುಕೊಂಡು ಗಾಡಿ ಸ್ಟಾರ್ಟ್ ಆದರೆ ದೋಷ ಸಿಕ್ಕಿತು. ಇದೇ ಲಕ್ಷಣ ಬಿಸಿಗೆ ಕೈಕೊಡುವ ಕಾಯಿಲಿನದೂ ಹೌದು. ಎಂಜಿನ್ ಬಿಸಿ ಇರುವಾಗಲೇ ಸ್ಪಾರ್ಕ್ ಟೆಸ್ಟರ್ ಹಾಕಿದರೆ ಎರಡರಲ್ಲಿ ಯಾವುದು ಅಂತ ಗೊತ್ತಾಗುತ್ತದೆ. ತಣ್ಣಗಾದ ಮೇಲೆ ಟೆಸ್ಟ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಕಾರ್ಬೊರೇಟರ್ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಎಂಜಿನ್ ವೇಗಕ್ಕೆ ಮಿತಿ ಹಾಕುವ ಗವರ್ನರಿನ ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಅನ್ನುವುದು ಆ ಫೋಟೋದಲ್ಲಿ ಸ್ಪಷ್ಟವಾಗಿ ಕಾಣಬೇಕು. ಕೆಳಗಿನ ಬಟ್ಟಲು ತೆಗೆದು, ಸರಿಯಾದ ಅಗಲದ ಸ್ಕ್ರೂಡ್ರೈವರಿನಿಂದ ಜೆಟ್ ಬಿಚ್ಚಿ. ಚಿಕ್ಕ ಸ್ಕ್ರೂಡ್ರೈವರ್ ಹಿತ್ತಾಳೆಯ ತಲೆಯನ್ನು ಹಾಳು ಮಾಡುತ್ತದೆ. ಜೆಟ್ಟನ್ನು ಬೆಳಕಿಗೆ ಹಿಡಿದು ನೋಡುವುದು ಮಗುವಿನ ಪಾಲು. ದುಂಡಗಿನ ಬೆಳಕಿನ ಚುಕ್ಕಿ ಕಾಣಬೇಕು. ಅರ್ಧಚಂದ್ರ ಕಂಡರೂ ಕ್ಲೀನ್ ಆಗಿಲ್ಲ ಅಂತಲೇ ಅರ್ಥ. ಕ್ಲೀನರ್ ಸ್ಪ್ರೇ ಹೊಡೆಯುವಾಗ ಇಬ್ಬರಿಗೂ ಕನ್ನಡಕ ಬೇಕು. ದಪ್ಪ ತಂತಿ, ಸೂಜಿ ತುರುಕಿದರೆ ತೂತು ದೊಡ್ಡದಾಗಿ ಅಳತೆ ಕೆಡುತ್ತದೆ. ವೈರ್ ಬ್ರಷ್ಷಿನ ಕಡ್ಡಿಯೂ ಬೇಡ, ನೈಲಾನ್ ಎಳೆ ಸಾಕು. ಜೆಟ್ಟಿನ ಹಿಂದಿರುವ ಉದ್ದ ಕೊಳವೆಯ ಪಕ್ಕದ ಸಣ್ಣ ತೂತುಗಳನ್ನು ಮರೆಯುವವರೇ ಜಾಸ್ತಿ. ಅವನ್ನೂ ಒಂದೊಂದಾಗಿ ನೋಡಿ.

ಗಾಳಿ ಸೇರುವುದನ್ನು ಹುಡುಕಲು ಕೆಲವರು ಓಡುತ್ತಿರುವ ಎಂಜಿನ್ನಿನ ಗ್ಯಾಸ್ಕೆಟ್ಟಿಗೆ (ಜೋಡಣೆಯ ನಡುವೆ ಗಾಳಿ ಸೇರದಂತೆ ತಡೆಯುವ ಹಾಳೆ) ಕ್ಲೀನರ್ ಹೊಡೆಯುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ, ಅದೂ ಮಗು ಇರುವಾಗ, ಅದು ಬೇಡವೇ ಬೇಡ. ಇಲ್ಲಿ ಮಾತ್ರ ನನ್ನ ನಿಯಮ ಸಡಿಲಿಸುತ್ತೇನೆ. ಹೇಗೂ ಬಿಚ್ಚಿದ್ದೀರಿ, ಹೊಸ ಗ್ಯಾಸ್ಕೆಟ್ ಹಾಕಿಬಿಡಿ.

ಕಂಪ್ರೆಷನ್ ಕಡಿಮೆ ಅನಿಸಿದರೆ

ಈ ಎಂಜಿನ್ನಿನಲ್ಲಿ ಹಗ್ಗ ಸಲೀಸಾಗಿ ಬರಲೆಂದು ಸ್ಟಾರ್ಟ್ ಮಾಡುವಾಗ ವಾಲ್ವನ್ನು ಸ್ವಲ್ಪ ತೆರೆದಿಡುವ ಏರ್ಪಾಡು ಇದೆ. ಹಾಗಾಗಿ ಕಂಪ್ರೆಷನ್ ಗೇಜ್ ಕಡಿಮೆ ತೋರಿಸಿದರೆ ಗಾಬರಿಯಾಗಿ ಎಂಜಿನ್ ಬಿಚ್ಚಬೇಡಿ. ಮೊದಲು ವಾಲ್ವ್ ಗ್ಯಾಪ್ ನೋಡಿ. ಎಂಜಿನ್ ತಣ್ಣಗಿರಬೇಕು. ಪಿಸ್ಟನ್ ಮೇಲೆ ಬಂದು ಎರಡೂ ವಾಲ್ವ್ ಮುಚ್ಚಿರುವಾಗ ಇನ್‌ಟೇಕ್ 0.15 ಮಿ.ಮೀ., ಎಕ್ಸಾಸ್ಟ್ 0.20 ಮಿ.ಮೀ. ಇರಬೇಕು. ಗ್ಯಾಪ್ ಇಲ್ಲವೇ ಇಲ್ಲ ಅಂದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಎಷ್ಟೋ ಸಲ ಇಷ್ಟಕ್ಕೇ ಎಂಜಿನ್ ಜೀವ ಪಡೆಯುತ್ತದೆ.

ಎಂಜಿನ್ ಓಡುತ್ತದೆ, ಗಾಡಿ ಓಡಲ್ಲ

ಕ್ಲಚ್ಚಿನ ಒಳಗಿನ ಶೂಗಳು ಎಂಜಿನ್ ವೇಗ ನಿಮಿಷಕ್ಕೆ ಸುಮಾರು 2000 ಸುತ್ತು, ಅಂದರೆ 2000 ಆರ್‌ಪಿಎಂ ಮುಟ್ಟಿದಾಗ ಹೊರಕ್ಕೆ ಸರಿದು ಡ್ರಮ್ ಹಿಡಿಯುತ್ತವೆ. ಐಡ್ಲಿಂಗ್ 1400ರ ಆಸುಪಾಸಿನಲ್ಲಿರಬೇಕು. ಪೆಡಲ್ ಮುಟ್ಟದೆಯೂ ಗಾಡಿ ತೆವಳಿದರೆ ಐಡ್ಲಿಂಗ್ ಜಾಸ್ತಿ ಇದೆ, ಇಲ್ಲವೇ ಕ್ಲಚ್ ಸ್ಪ್ರಿಂಗ್ ತುಂಡಾಗಿದೆ. ಎಂಜಿನ್ ಕೂಗಿದರೂ ಗಾಡಿ ಎಳೆಯದೆ, ಡ್ರಮ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಕ್ಲಚ್ ಜಾರಿ ಸುಟ್ಟಿದೆ. ಹೊಸದು ಹಾಕುವ ಮುಂಚೆ ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ. ಹಿಡಿದ ಬ್ರೇಕ್ ಹೊಸ ಕ್ಲಚ್ಚನ್ನೂ ಸುಡುತ್ತದೆ.

ಚೈನ್ ನಡುವೆ ಬೆರಳಿನಿಂದ ಒತ್ತಿದರೆ ಸುಮಾರು 12 ಮಿ.ಮೀ. ಆಡಬೇಕು. ಬೆರಳು ಹಾಕುವಾಗ ಎಂಜಿನ್ ಆಫ್ ಆಗಿ ಪ್ಲಗ್ ಕ್ಯಾಪ್ ಕಳಚಿರಬೇಕು. ಪದೇ ಪದೇ ಕಳಚಿ ಬೀಳುವ ಚೈನಿಗೆ ಟೈಟ್ ಮಾಡುವುದು ಮದ್ದಲ್ಲ. ಚೈನ್ ಕೂರುವ ಎರಡು ಹಲ್ಲಿನ ಚಕ್ರಕ್ಕೂ (ಸ್ಪ್ರಾಕೆಟ್) ನೇರ ಪಟ್ಟಿ ಹಿಡಿದು ಸಾಲಾಗಿವೆಯೇ ನೋಡಿ. ಲಿಂಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು.

ವೇಗ ಸಾಲದು ಅಂತ ಗವರ್ನರ್ ತೆಗೆಯುವವರಿದ್ದಾರೆ. ಮಗು ಕೂರುವ ಗಾಡಿಯಲ್ಲಿ ಇದು ಖಂಡಿತ ಬೇಡ. ಎಂಜಿನ್ನನ್ನು ಸುಮಾರು 3600 ಆರ್‌ಪಿಎಂಗೆ ಕಟ್ಟಿಹಾಕಿರುವುದಕ್ಕೆ ಕಾರಣ ಇದೆ. ಅದನ್ನು ಮೀರಿದರೆ ರಾಡ್ ಮುರಿಯಬಹುದು, ಎರಕದ ಫ್ಲೈವೀಲ್ ಸಿಡಿಯಬಹುದು.

ಫ್ರೇಮ್ ಮತ್ತು ಮೊದಲ ಓಟ

ಟಾರ್ಚ್ ಕೊಟ್ಟು ಪ್ರತಿ ವೆಲ್ಡಿಂಗ್ ಜಾಗವನ್ನೂ ಮಗುವಿಗೆ ನೋಡಲು ಬಿಡಿ. ಸ್ಟೀರಿಂಗ್ ಕಂಬದ ಬುಡ, ಎಂಜಿನ್ ಪ್ಲೇಟ್, ಆಕ್ಸಲ್ ಬೇರಿಂಗ್ ಹಿಡಿದ ಜಾಗ ಮುಖ್ಯ. ಬಣ್ಣದಲ್ಲಿ ಕೂದಲಿನಂಥ ಗೆರೆ, ಅದರ ಮೇಲೆ ಕೆಂಪು ತುಕ್ಕು ಕಂಡರೆ ಕೆಳಗೆ ಬಿರುಕಿದೆ. ವೆಲ್ಡ್ ಮಾಡಿಸುವ ಮುಂಚೆ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ. ಆ ಜಾಗವನ್ನು ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತೊಳೆಯಬೇಡಿ. ವೆಲ್ಡಿಂಗ್ ಶಾಖಕ್ಕೆ ಅದರಿಂದ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ.

ಗಾಡಿ ಒಂದು ಕಡೆ ಎಳೆದರೆ ಟೈರ್ ಗಾಳಿ, ಮುಂದಿನ ಚಕ್ರದ ಬೇರಿಂಗ್, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್, ಈ ಕ್ರಮದಲ್ಲಿ ನೋಡಿ. ತಿರುವಿನಲ್ಲಿ ಸ್ವಲ್ಪ ಭಾರ ಅನಿಸುವುದು ಮಾತ್ರ ದೋಷ ಆಗಿರಲಿಕ್ಕಿಲ್ಲ. ಎರಡೂ ಹಿಂದಿನ ಚಕ್ರ ಒಂದೇ ಆಕ್ಸಲ್ಲಿಗೆ ಬಿಗಿದಿರುವ ಕಾರ್ಟ್‌ನಲ್ಲಿ ಒಳಗಿನ ಚಕ್ರ ಜಾರಲೇಬೇಕು ಅಥವಾ ಏಳಲೇಬೇಕು.

ಮೊದಲ ಓಟ ಹೆಲ್ಮೆಟ್ ಹಾಕಿಕೊಂಡು, ಚೈನ್ ಗಾರ್ಡ್ ಕೂರಿಸಿ, ಖಾಲಿ ಜಾಗದಲ್ಲಿ, ನಿಧಾನವಾಗಿ. ಕಿಲ್ ಸ್ವಿಚ್ ಒತ್ತಿ ನಿಲ್ಲಿಸುವುದನ್ನು ಮಗು ನಿಂತಲ್ಲೇ ಅಭ್ಯಾಸ ಮಾಡಿರಲಿ. ಹತ್ತು ನಿಮಿಷದ ನಂತರ ನಿಲ್ಲಿಸಿ, ತಣ್ಣಗಾದ ಮೇಲೆ ಎಂಜಿನ್ ಬೋಲ್ಟ್, ಚಕ್ರದ ನಟ್, ಚೈನ್ ಮತ್ತೆ ನೋಡಿ. ಮೊದಲ ಓಟದಲ್ಲಿ ಏನಾದರೂ ಸಡಿಲವಾಗುವ ಸಂಭವ ಜಾಸ್ತಿ. ಆ ದಿನದ ಓಟ ಮುಗಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆಫ್ ಆಗುವ ತನಕ ಓಡಲು ಬಿಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರ್ ಬಟ್ಟಲಿನ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ ಉಳಿದ ಹನಿಗಳನ್ನೂ ಇಳಿಸಿ, ತಾರೀಖನ್ನು ನೋಟ್‌ಬುಕ್ಕಿನಲ್ಲಿ ಬರೆಸಿ.